ದೊರೆ ಹುಟ್ಟದಿದ್ದರೆ

ಎಳೆಗುಂದಿ ರಾಜ್ಯದ ಊರೂರಲ್ಲೂ ಡಂಗುರ ಸಾರಿದರು: "ಕೇಳ್ರಪ್ಪೋ ಕೇಳಿ! ಲೋಕದ ಮೇಲೆ ಪರಿಣಾಮ ಬೀರಬಲ್ಲವರು ಯಾರೇ ಇದ್ದರೂ ಅರಮನೆಗೆ ಬರತಕ್ಕದ್ದು. ದೊರೆ ಸಿಂಗರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಮಂತ್ರಿ ಪದವಿ. ಒಂದು ತಪ್ಪಿದರೂ ತಲೆದಂಡ!"

'ಪರಿಣಾಮ ಬೀರುವುದು' ಆ ರಾಜ್ಯಕ್ಕೆ ಹೊಸದಾಗಿ ಬಂದ ಮಾತು. ಎಲ್ಲಿಂದ ಬಂತೋ, ನೆಗಡಿಯಂತೆ ಹರಡಿತ್ತು. ಸೇನಾಪತಿ ಮೀಸೆ ತಿರುವಿದರೆ ಗಡಿಯ ಮೇಲೆ ಪರಿಣಾಮ. ಆಸ್ಥಾನಕವಿ ಕೆಮ್ಮಿದರೆ ಸಾಹಿತ್ಯದ ಮೇಲೆ ಪರಿಣಾಮ. ತನ್ನ ಹುಳಿಯೂ ಪರಿಣಾಮ ಬೀರಿದೆ ಎಂದು ಅರಮನೆಯ ಅಡಿಗೆಯವನು ಹೇಳಿಕೊಳ್ಳುತ್ತಿದ್ದ. ಅವನೊಬ್ಬನ ಮಾತಿಗೆ ಮಾತ್ರ ಮರುದಿನ ಬೆಳಿಗ್ಗೆ ಸಾಕ್ಷಿ ಸಿಗುತ್ತಿತ್ತು.

ಡಂಗುರ ನಂಬಿ ಹೋದವರಲ್ಲಿ ಹುಚ್ಚೀರನೆಂಬವನ ಅಣ್ಣ ಮಾಸ್ತಣ್ಣನೂ ಒಬ್ಬ. ಮಠದಲ್ಲಿ ನಾಲ್ಕಕ್ಷರ ಕಲಿತವನು. ಹಗ್ಗ ಹೊಸೆಯುವ ಮನೆತನದಲ್ಲಿ ಹುಟ್ಟಿ ಹಗ್ಗದಿಂದ ಲೋಕಕ್ಕೇನು ಪರಿಣಾಮ ಎಂದು ಹೊರಟವನು ಸೆರೆಮನೆ ಸೇರಿದ್ದ. ತಪ್ಪಿದವರ ತಲೆಗಳನ್ನು ದೊರೆ ಇನ್ನೂ ಕಡಿಸಿರಲಿಲ್ಲ. ಒಂದೊಂದಾಗಿ ಕಡಿದರೆ ಪರಿಣಾಮ ಸಾಲದು, ಅಮಾವಾಸ್ಯೆಗೆ ಎಲ್ಲವನ್ನೂ ಒಟ್ಟಿಗೆ ಎಂದು ಅಪ್ಪಣೆಯಾಗಿತ್ತು.

ನಾಳೆ ಅಮಾವಾಸ್ಯೆ ಎನ್ನುವಾಗ ಹುಚ್ಚೀರ ಅರಮನೆಗೆ ಬಂದ. ಅವನಿಗೆ ಲೋಕದ ಮೇಲೆ ಏನನ್ನೂ ಬೀರಬೇಕಿರಲಿಲ್ಲ. ಅಣ್ಣ ಬೇಕಿತ್ತು, ಅಷ್ಟೆ.

ಸಾಲಿನಲ್ಲಿ ಇನ್ನಿಬ್ಬರಿದ್ದರು: ಪಾಳೆಯಗಾರನ ಮಗ ಬೊಪ್ಪರಾಯ, ಮುತ್ತಿನ ವ್ಯಾಪಾರಿ ಅಡವಿಸೆಟ್ಟಿ.

"ನಿನ್ನ ಅಣ್ಣ ಯಾವುದರಲ್ಲಿ ತಪ್ಪಿದ್ದು?" ಎಂದು, ಹುಚ್ಚೀರ ಬಂದ ಕಾರಣ ತಿಳಿದ ಸೆಟ್ಟಿ ಕೇಳಿದ.

"ಮೂರನೆಯದರಲ್ಲಿ. ಮೊದಲೆರಡು ಒಗಟು ಪ್ರತಿ ಸಲವೂ ಬೇರೆಯಂತೆ. ಮೂರನೆಯದು ಯಾವಾಗಲೂ ಒಂದೇ."

"ಗೊತ್ತಿದ್ದೂ ಬಂದೆಯಾ? ನಿನ್ನ ಹೆಸರಲ್ಲೇ ಹುಚ್ಚಿದೆ ಬಿಡು."

ದೊರೆ ಬಂದು ಕೂತರು. ರಾಣಿ ಮುದ್ದಾಜಮ್ಮ ಪರದೆಯ ಹಿಂದೆ ಕವಡೆ ಆಡುತ್ತಿದ್ದರು.

"ಸಣ್ಣವನೊಬ್ಬ ದೊಡ್ಡ ಮನೆ ಹೊಕ್ಕ," ದೊರೆ ಶುರುಮಾಡಿದರು. "ಸದ್ದಿಲ್ಲ, ಗದ್ದಲವಿಲ್ಲ. ಬೆಳಿಗ್ಗೆ ನೋಡಿದರೆ ಅವನೂ ಕಾಣಲಿಲ್ಲ, ಮನೆಯೂ ಮೊದಲಿನ ಮನೆಯಲ್ಲ. ಯಾರವನು?"

"ಗೂಢಚಾರ!" ಬೊಪ್ಪರಾಯ ಎದೆ ಉಬ್ಬಿಸಿ ಕೂಗಿದ.

ಭಟರು ಅವನನ್ನು ಉಬ್ಬಿದ ಎದೆಯ ಸಮೇತ ಹೊತ್ತೊಯ್ದರು.

"ಅದು ಹೆಪ್ಪು ಬುದ್ಧಿ," ಎಂದ ಹುಚ್ಚೀರ. "ಹಾಲಿಗೆ ಹಾಕಿದ ಹೆಪ್ಪು."

"ನಾನೂ ಅದನ್ನೇ ಹೇಳುವವನಿದ್ದೆ," ಎಂದು ಸೆಟ್ಟಿ ಸೇರಿಸಿದ. ದೊರೆ ಒಪ್ಪಿಕೊಂಡರು. ಆಸ್ಥಾನದಲ್ಲಿ ಅದು ರೂಢಿಯ ಮಾತು.

"ಎರಡನೆಯದು. ಅವನು ಬಂದಾಗ ಭಾರಿ ಸದ್ದು. ಎಲ್ಲರೂ ತಿರುಗಿ ನೋಡಿದರು. ದಡದಿಂದ ದಡಕ್ಕೆ ನಡುಕ ಹಬ್ಬಿತು. ಎಲೆ ಅಡಿಕೆ ಮಡಿಸುವಷ್ಟರಲ್ಲಿ ಎಲ್ಲ ಮೊದಲಿನಂತೆ. ಬಂದವನು ತಳ ಸೇರಿದ್ದ."

ಈ ಸಲ ಹಿಂದೆ ಬೀಳಬಾರದೆಂದು ಸೆಟ್ಟಿ ಮುಂದೆ ನುಗ್ಗಿದ. "ತಾವೇ ಪ್ರಭು! ತಾವು ಬಂದರೆ ಎಲ್ಲರೂ ತಿರುಗಿ ನೋಡುತ್ತಾರೆ, ನಡುಗುತ್ತಾರೆ..."

"ತಳ ಸೇರಿದವನೂ ನಾನೇ ಏನೋ?"

ಭಟರು ಸೆಟ್ಟಿಯನ್ನೂ ಎಳೆದೊಯ್ದರು. ಪರದೆಯ ಹಿಂದೆ ಕವಡೆ ಉರುಳುವುದು ನಿಂತಿತು.

"ಕೆರೆಗೆ ಎಸೆದ ಕಲ್ಲು," ಎಂದ ಹುಚ್ಚೀರ.

"ಸರಿ." ದೊರೆ ಮುಂದಕ್ಕೆ ಬಾಗಿದರು. ದನಿ ತಗ್ಗಿತು, ಇದು ಅವರಿಗೆ ನಿಜವಾಗಿ ಬೇಕಿದ್ದ ಒಗಟು. "ನಾನು ಹುಟ್ಟದೇ ಇದ್ದಿದ್ದರೆ ಈ ರಾಜ್ಯಕ್ಕೆ ಏನು ವ್ಯತ್ಯಾಸವಾಗುತ್ತಿತ್ತು?"

ಮಳೆಯೇ ಬರುತ್ತಿರಲಿಲ್ಲ ಎಂದಿದ್ದ ಮಾಸ್ತಣ್ಣ. ದೊರೆ ಹುಟ್ಟುವ ಮೊದಲೂ ಮಳೆ ಬರುತ್ತಿತ್ತೆಂದು ಅವರ ತಾಯಿಯೇ ಹೇಳಿದ್ದರು. ಏನೂ ಆಗುತ್ತಿರಲಿಲ್ಲ ಎಂದವನೊಬ್ಬ ಇದ್ದ. ಅವನಿಗೆ ಸೆರೆಮನೆಯಲ್ಲಿ ಊಟವನ್ನೂ ಕಡಿಮೆ ಮಾಡಿದ್ದರು.

ಹುಚ್ಚೀರ ಕಿವಿಗೊಟ್ಟ. ಕಿಟಕಿಯಾಚೆ ಸೆರೆಯಾಳುಗಳು ಭಜನೆ ಹಾಡುತ್ತಿದ್ದರು. ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ಅಪಸ್ವರದಲ್ಲಿ ಅಣ್ಣನ ದನಿ.

"ಕೇಳಿಸ್ತಾ ಬುದ್ಧಿ? ತಾವು ಹುಟ್ಟದಿದ್ದರೆ ಅವರೆಲ್ಲ ಈ ಹೊತ್ತಿಗೆ ಮನೇಲಿ ಉಣ್ತಾ ಇರ್ತಿದ್ದರು. ಇದೊಂದು ನನಗೆ ಖಂಡಿತ ಗೊತ್ತು. ಮಿಕ್ಕಿದ್ದು ಗೊತ್ತಿಲ್ಲ."

ಪರದೆಯ ಹಿಂದಿನಿಂದ ನಗು ಕೇಳಿತು. "ಕೊನೆಗೂ ಒಬ್ಬ ಕಿವಿಗೆ ಕೇಳುವಂಥ ಸಾಕ್ಷಿ ಕೊಟ್ಟ ನೋಡಿ," ಎಂದರು ರಾಣಿ.

ದೊರೆ ಬಹಳ ಹೊತ್ತು ಭಜನೆ ಕೇಳಿದರು. ನಿಜವನ್ನು ಅಲ್ಲಗಳೆಯುವಂತಿರಲಿಲ್ಲ. "ಉತ್ತರ ಸರಿ," ಎಂದರು. ಆಮೇಲೆ ಗಾಬರಿಯಾದರು. "ಹಾಗಾದರೆ ಅವರನ್ನು ಬಿಟ್ಟರೆ ನನಗಿರುವ ಒಂದೇ ಪರಿಣಾಮವೂ ಹೋಯಿತಲ್ಲೋ! ನಾಳೆಯೇ ಕಡಿಸಬೇಕು."

ಹುಚ್ಚೀರ ಲೆಕ್ಕ ಹಾಕಿದ. ಗೆದ್ದದ್ದು ಮಂತ್ರಿ ಪದವಿ, ಸೋಲುತ್ತಿರುವುದು ಅಣ್ಣನ ತಲೆ.

"ಕಡಿಸಿದರೆ ಅದು ಎರಡನೇ ಒಗಟು ಬುದ್ಧಿ. ನಾಳೆ ದೊಡ್ಡ ಸದ್ದು. ನಾಡಿದ್ದು ಎಲ್ಲರೂ ಹೊಲಕ್ಕೆ ಹೋಗ್ತಾರೆ. ಬಿಟ್ಟರೆ ಮೊದಲನೆಯದು. ಒಬ್ಬೊಬ್ಬನೂ ತನ್ನೂರು ಸೇರ್ತಾನೆ, ಸಾಯೋತನಕ ಬುದ್ಧಿಯವರದೇ ಕತೆ ಹೇಳ್ತಾನೆ. ಮೊಮ್ಮಕ್ಕಳೂ ಹೇಳ್ತವೆ. ತಾವು ಅಲ್ಲಿ ಕಾಣೋದಿಲ್ಲ, ಆದರೆ ಹಾಲಿನಂಥ ಊರು ಮೊಸರಾಗಿರುತ್ತೆ."

"ಮೊಮ್ಮಕ್ಕಳೂ?"

"ಬೇಡ ಅಂದರೂ ಬಿಡೋದಿಲ್ಲ."

ದೊರೆ ಸೆರೆಮನೆಯ ಬೀಗದ ಕೈ ತರಿಸಿದರು. ಮಂತ್ರಿಯ ರುಮಾಲು ಹುಚ್ಚೀರನ ತಲೆಗೇರಿತು. ಸ್ವಲ್ಪ ದೊಡ್ಡದು, ಕಿವಿ ಮುಚ್ಚುತ್ತಿತ್ತು. ಆಸ್ಥಾನದಲ್ಲಿ ಯಾರೇ ಪರಿಣಾಮದ ಮಾತೆತ್ತಿದರೂ 'ಅದಿಲ್ಲದಿದ್ದರೆ ಏನಾಗುತ್ತಿತ್ತು?' ಎಂದು ಕೇಳುವುದೇ ಅವನ ಕೆಲಸವೆಂದು ಅಪ್ಪಣೆಯಾಯಿತು. ಮರುದಿನದಿಂದಲೇ ಸಭೆ ಊಟದ ಹೊತ್ತಿಗೆ ಮುಗಿಯತೊಡಗಿತು.

ಬಿಡುಗಡೆಯ ದಿನ ಸೆರೆಮನೆಯ ಬಾಗಿಲಲ್ಲಿ ಮಾಸ್ತಣ್ಣ ತಮ್ಮನ ರುಮಾಲನ್ನು ಮೇಲಿಂದ ಕೆಳಗೆ ನೋಡಿದ.

"ನೋಡಿದೆಯಾ, ಎಂಥ ಪರಿಣಾಮ ಬೀರಿದೆ ನಾನು!"

"ನೀನಾ? ಮಳೆ ಗಿಳೆ ಅಂತ ಒದರಿ ಒಳಗೆ ಬಿದ್ದವನು ನೀನು."

"ಬಿದ್ದದ್ದಕ್ಕೇ ತಾನೇ ನೀನು ಬಂದದ್ದು? ನಾನು ಸರಿಯಾಗಿ ಹೇಳಿದ್ದರೆ ನೀನು ಮನೆಯಲ್ಲಿ ಹಗ್ಗ ಹೊಸೀತಾ ಇರ್ತಿದ್ದೆ. ಇವರೆಲ್ಲ ನಾಳೆ ಸಾಯ್ತಿದ್ದರು. ಹೇಳು, ನಾನಿಲ್ಲದಿದ್ದರೆ ಏನಾಗುತ್ತಿತ್ತು?"

ಹುಚ್ಚೀರ ನಿಂತು ಯೋಚಿಸಿದ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಹಾಳಾದ್ದು, ನಿಜವಾಗಿತ್ತು.