ಮೊಟ್ಟೆ ಇಟ್ಟವರು ಯಾರು?

ಮಂಗಳೂರಿನ ಹೊರಗಿನ ಒಂದು ಥೀಮ್ ಪಾರ್ಕಿನಲ್ಲಿ ಈಸ್ಟರ್ ರಜೆಯ ಕುಟುಂಬ ಮೇಳ. ಬಣ್ಣ ಹಚ್ಚಿದ ಮೊಟ್ಟೆಗಳನ್ನು ಮಕ್ಕಳು ಹುಡುಕಿ ತೆಗೆಯುವುದೇ ಅಂದಿನ ಮುಖ್ಯ ಆಟ. ತೋಟದ ಕೆಲಸದ ಗುಲಾಬಿ ಮತ್ತು ಅವಳ ಸಂಗಡಿಗರು ಬೆಳಗಿನಿಂದ ಬಗ್ಗಿ ಬಗ್ಗಿ, ಪೊದೆ ಪೊದೆಯಲ್ಲೂ ಮೊಟ್ಟೆ ಬಚ್ಚಿಟ್ಟಿದ್ದರು. ಆ ಹೆಂಗಸರ ಹೆಸರು ಹೇಳಿ ವಂದಿಸುತ್ತೇನೆಂದು ಮೇಳದ ಘೋಷಣೆ ಮಾಡುವ ಮೈಕಿನವನು ಮಾತು ಕೊಟ್ಟಿದ್ದ.

ಆಟ ಶುರುವಾಗುವ ಹೊತ್ತಿಗೆ ಮ್ಯಾನೇಜರ್ ಸಲ್ಡಾನಾ ಕೋಟು ತೊಟ್ಟು ಬಂದರು.

"ಅವರ ಹೆಸರೆಲ್ಲ ಬೇಡ. ಎಲ್ಲ ಮೊಟ್ಟೆ ಇಟ್ಟದ್ದು ನಾನೇ ಅಂತ ಹೇಳು. ಒಂದು ಮಾತು ಬದಲಾದರೂ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗಲಿ ಸರ್, ನೀವು ಹೇಳಿದ ಹಾಗೆಯೇ," ಎಂದ ಮೈಕಿನವನು. ಗಂಟಲು ಸರಿಮಾಡಿಕೊಂಡ.

"ಮಕ್ಕಳೇ, ಇಲ್ಲಿರುವ ಎಲ್ಲ ಮೊಟ್ಟೆ ಇಟ್ಟದ್ದು ನಮ್ಮ ಮ್ಯಾನೇಜರ್ ಸಾಹೇಬರೇ!"

ಪಾರ್ಕಿಗೆ ಪಾರ್ಕೇ ನಕ್ಕಿತು. ಮುಂದೆ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳು ಗಂಭೀರವಾಗಿ ಕೇಳಿದಳು: "ಅಂಕಲ್, ಕಾವಿಗೆ ಯಾವಾಗ ಕೂರ್ತೀರಿ?"

ಸಲ್ಡಾನಾ ಅವರ ಮುಖ ಕೆಂಪಾಯಿತು. "ಸರಿಯಾಗಿ ಹೇಳು ಮಾರಾಯ!"

"ನಿಮ್ಮ ಮಾತೇ ಸರ್, ಏನೂ ಬದಲಿಸಿಲ್ಲ. ಬೇಕಾದರೆ ಇನ್ನೊಮ್ಮೆ ಹೇಳುತ್ತೇನೆ."

"ಬೇಡ!" ಸಲ್ಡಾನಾ ಮೈಕು ಕಿತ್ತುಕೊಂಡು ಕೂಗಿದರು: "ನಾನು ಒಂದೂ ಮೊಟ್ಟೆ ಇಟ್ಟಿಲ್ಲ! ಎಲ್ಲ ಬಚ್ಚಿಟ್ಟದ್ದು ಗುಲಾಬಿ ಮತ್ತು ತೋಟದ ಹೆಂಗಸರು!"

ಚಪ್ಪಾಳೆಯೋ ಚಪ್ಪಾಳೆ. ಗುಲಾಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಮೈಕಿನವನು ವಿನಯದಿಂದ ಕೈ ಚಾಚಿ ಮೈಕು ವಾಪಸ್ ತೆಗೆದುಕೊಂಡ.

"ನೋಡಿ ಸರ್, 'ಬಚ್ಚಿಟ್ಟದ್ದು' ಅನ್ನುವ ಮಾತು ನಿಮಗೂ ಗೊತ್ತಿತ್ತು. ಮೊದಲೇ ಹೇಳಬಾರದಿತ್ತೇ?"