ಒಳಗೆ ಕಪ್ಪು ಬಳಿದ ನೌಕೆ

ಮಲಪ್ರಭೆಯ ದಂಡೆಯ ಆ ಮಠಕ್ಕೆ ಒಂದು ಹೆಸರಿತ್ತು. ಏನೋ ಕೊಪ್ಪ... ಸಂಗನಕೊಪ್ಪವೋ, ಸಂಪಿಗೆಕೊಪ್ಪವೋ. ಹೆಸರು ಬರಲೊಲ್ಲದು, ಕಥೆ ಬರುತ್ತದೆ.

ಅಲ್ಲಿಯ ಗುರು ನಿರುಪಾದಯ್ಯ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ: ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಮೊಳದುದ್ದದ ಆಕಾಶನೌಕೆ ಕಟ್ಟುವುದು, ಅದರೊಳಗೆ ದೀಪ ಇಡುವುದು.

“ಅಂಟು ಒಣಗೂತನಕ ಸುಮ್ಮನ ಕುಂದರಾವರಿಗೆ ಬ್ಯಾರೆ ಧ್ಯಾನ ಬ್ಯಾಡ,” ಎನ್ನುತ್ತಿದ್ದರು.

ಶಿಷ್ಯರ ನೌಕೆಯನ್ನು ಅಜ್ಜಾರು ಕತ್ತಲಲ್ಲಿ ನೋಡಿ ಒಪ್ಪಿದರೆ ಅದನ್ನು ಪಡಸಾಲೆಯ ಜಂತಿಗೆ ತೂಗುಹಾಕುತ್ತಿದ್ದರು. ಅಲ್ಲಿಗೆ ಕಲಿಕೆ ಮುಗಿಯಿತು. ಇನ್ನು ಊರಿಗೆ ಹೋಗಿ ಬೇರೆಯವರಿಗೆ ಕಲಿಸಬಹುದು.

ಶಿಷ್ಯೆ ಮಹಾನಂದಾಗೆ ಅವಸರ. ಸೋಮವಾರ ಅವಳ ಊರಿನ ಶಾಲೆ ತೆರೆಯುವುದಿತ್ತು. ಮಕ್ಕಳಿಗೆ ಕಲಿಸಲು ಬರುತ್ತೇನೆಂದು ಮಾತು ಕೊಟ್ಟಿದ್ದಳು.

ನೌಕೆ ಹಿಡಿದು ಉಗ್ರಾಣಕ್ಕೆ ಬಂದಳು. ಅಜ್ಜಾರು ಬಾಗಿಲು ಮುಚ್ಚಿ ಕತ್ತಲು ಮಾಡಿದರು. ಅವಳು ದೀಪದ ಗುಂಡಿ ಒತ್ತಿದಳು.

ನೌಕೆಯ ಮೈಯೆಲ್ಲ ಬೆಳಗಿತು. ತೆಳು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಬೆಳಕು ಹಾಯ್ದು, ಯಾವುದು ಗೋಡೆ ಯಾವುದು ಕಿಟಕಿ ತಿಳಿಯದಾಯಿತು.

“ಹೆಂಗೈತ್ರಿ ಅಜ್ಜಾರ?”

“ದೀಪ ನುಂಗಿದ ಸೋರೇಕಾಯಿ ಇದ್ದಂಗೈತಿ.”

“ದೀಪ ಕಡಿಮಿ ಆದ್ವೇನ್ರಿ? ಇನ್ನೆರಡು ಇಡಲೇನ್ರಿ?”

ಅಜ್ಜಾರು ಬಾಗಿಲು ತೆರೆದರು. ಕಪ್ಪು ಬಣ್ಣದ ಡಬ್ಬಿ, ಕುಂಚ ತಂದು ಅವಳ ಮುಂದಿಟ್ಟರು.

“ಒಳಗ ಬಳಿ.”

“ನಾ ಬೆಳಕು ಕೇಳಿದ್ರ ನೀವು ಕಪ್ಪು ಕೊಡ್ತೀರಲ್ರಿ! ಒಳಗ ಹೆಂಗ ಬಳೀಲಿ? ಅಂಟಿಸಿ ಮುಚ್ಚೀನಿ.”

“ಕತ್ತಲಾಗ ನೋಡದ ಮುಚ್ಚಿದಿ?”

ಮಹಾನಂದಾ ತಲೆ ತಗ್ಗಿಸಿದಳು.

“ಗರಗಸ ಅಲ್ಲೈತಿ,” ಎಂದರು ಅಜ್ಜಾರು.

ಕೈಯಾರೆ ಕೂಡಿಸಿದ್ದನ್ನು ಕೈಯಾರೆ ಕೊಯ್ಯುವಾಗ ಅವಳಿಗೆ ಅಳು ಬಂತು. ಮೂಗು ಒರೆಸಿಕೊಳ್ಳುತ್ತ, ಗೊಣಗುತ್ತ ಕೊಯ್ದಳು. ಕಿಟಕಿಯ ತೂತುಗಳನ್ನಷ್ಟೇ ಬಿಟ್ಟು ಒಳಗೋಡೆಗೆಲ್ಲ ಕಪ್ಪು ಬಳಿದಳು. ಈ ಸಲ ಅಂಟಿಸಲಿಲ್ಲ. ಎರಡೂ ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಉಗ್ರಾಣಕ್ಕೆ ತಂದಳು.

ಗುಂಡಿ ಒತ್ತಿದಳು. ನೌಕೆ ಕತ್ತಲಲ್ಲಿ ಕರಗಿತು. ಸಾಸಿವೆ ಕಾಳಿನಂಥ ಕಿಟಕಿಗಳು ಮಾತ್ರ ಸಾಲಾಗಿ ಹೊಳೆದವು.

“ಯವ್ವಾ!” ಎಂದು ಚಪ್ಪಾಳೆ ತಟ್ಟಿದಳು. “ಆತಲ್ರಿ ಇನ್ನ?”

ಅಜ್ಜಾರು ಒಂದು ಕಿಟಕಿಗೆ ಬೆರಳು ಇಟ್ಟರು.

“ಇಲ್ಲಿ ಯಾರದಾರ?”

ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. “ನೌಕೆ ನಡೆಸಾಕಿ ಅದಾಳ್ರಿ,” ಎಂದಳು.

“ಇಲ್ಲಿ?”

“ಅಡಗಿ ಮಾಡಾವ.”

“ಇಲ್ಲಿ?”

“ಅವ... ಪಾಳಿ ಮುಗಿಸಿ ಬಂದಾನ್ರಿ. ಮಲಗ್ಯಾನ.”

“ಇಷ್ಟು ಬೆಳಕಿನಾಗ?”

ಮಹಾನಂದಾ ನಕ್ಕಳು. ಹೋಳು ಬಿಚ್ಚಿ, ಆ ಕಿಟಕಿಗೆ ಒಳಗಿನಿಂದ ಕಪ್ಪು ಪಟ್ಟಿ ಅಂಟಿಸಿದಳು.

ಆಮೇಲೆ ಅಜ್ಜಾರು ಕೇಳಲಿಲ್ಲ. ಅವಳೇ ಒಂದೊಂದು ಕಿಟಕಿಯ ಮುಂದೆ ತಡೆದು ನಿಂತಳು. “ಇಲ್ಲಿ ಗಂಡ ಹೆಂಡ್ತಿ ಜಗಳಾಡಾಕತ್ಯಾರ, ಇರ್ಲಿ. ಇದು ಕೂಸಿನ ಖೋಲಿ, ಮುಚ್ಚೂಣು. ಇದು ಖಾಲಿ.” ಕೆಲವನ್ನು ಮುಚ್ಚಿದಳು, ಕೆಲವನ್ನು ಬಿಟ್ಟಳು. ಊರು, ಸೋಮವಾರ, ಯಾವುದೂ ನೆನಪಿರಲಿಲ್ಲ.

ಮತ್ತೆ ದೀಪ ಹಾಕಿದಳು. ಅಲ್ಲೊಂದು ಇಲ್ಲೊಂದು ಕಿಟಕಿ ಬೆಳಗಿತು. ಒಳಗೆ ಜನ ಇದ್ದರು.

ತಿರುಗಿ ನೋಡಿದಳು. ಅಜ್ಜಾರು ಉಗ್ರಾಣದಲ್ಲಿರಲಿಲ್ಲ. ಬಾಗಿಲು ಸರಿಸಿದರೆ, ಪಡಸಾಲೆಯಲ್ಲಿ ಜಂತಿಗೆ ಏಣಿ ಆನಿಸಿ, ದಾರ ಹಿಡಿದು ನಿಂತಿದ್ದರು.

“ಅಜ್ಜಾರ! ಅಂಟಿಸ್ಲೇನ್ರಿ?” ಅವಳ ಕೂಗು ಹೊಳೆಯ ಆಚೆ ದಂಡೆಗೂ ಕೇಳುವಂತಿತ್ತು.

ಅಜ್ಜಾರು ತುಟಿಯ ಮೇಲೆ ಬೆರಳಿಟ್ಟರು.

“ಅಂಟಸು. ಮೆಲ್ಲಗ ಮಾತಾಡು, ಮಲಗಿದಾವ ಎದ್ದಾನು.”