ರಿಪೇರಿ ಜೀನಿನ ಮೇಲೆ ಕೂತ ಚುಕ್ಕೆ

ಶಿವಲೀಲಮ್ಮನ ಪ್ರಾಣ ಉಳಿಸಲು ಅವರ ಕರುಳಿನ ಕ್ಯಾನ್ಸರ್ ಗಡ್ಡೆಗೆ ನುಗ್ಗಿದ ಔಷಧಿ, ಮೊದಲ ಜೀವಕೋಶದ ಡಿಎನ್‌ಎಗೆ ಪೆಟ್ಟು ಕೊಟ್ಟಿತು. ಅಲ್ಲಿದ್ದ ರಿಪೇರಿ ಜೀನು ತಕ್ಷಣ ಎದ್ದು ಅದನ್ನು ಸರಿಪಡಿಸಿ, "ಇನ್ನೊಮ್ಮೆ ಹೊಡಿ, ನೋಡೋಣ," ಎಂದಿತು. ಎಷ್ಟು ಹೊಡೆದರೂ ಅದೇ ಕಥೆ. ಸೋತ ಔಷಧಿ ಪಕ್ಕದ ಕೋಶಕ್ಕೆ ಹೋಗಿ ಹೊಡೆಯಿತು. ಅಲ್ಲಿ ರಿಪೇರಿ ಜೀನು ಏಳಲೇ ಇಲ್ಲ; ಕೋಶ ಕುಸಿಯತೊಡಗಿತು.

"ನನ್ನ ಕೈಯ ಬಲ ನೋಡು!" ಎಂದು ಔಷಧಿ ಬೀಗಿತು.

"ಸ್ವಲ್ಪ ತಡಿ," ಎಂದಿತು ಜೀನಿನ ಮೇಲೆ ಕೂತಿದ್ದ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಚುಕ್ಕೆ. "ಇದು ಏಳದಂತೆ ನೋಡಿಕೊಂಡಿದ್ದು ನಾನು."

"ಕೊಂದೆಯಾ ಅದನ್ನು?"

"ಇಲ್ಲ. ಅದರ ಒಂದಕ್ಷರವನ್ನೂ ಅಳಿಸಿಲ್ಲ. ಮೇಲೆ ಸುಮ್ಮನೆ ಕೂತಿದ್ದೇನೆ, ಅಷ್ಟೆ."

ಮುಂದಿನ ಕೋಶದ ಬಾಗಿಲಲ್ಲಿ, ಹೊಡೆಯುವ ಮೊದಲು, ಔಷಧಿ ಮೆಲ್ಲಗೆ ಕೇಳಿತು: "ಒಳಗೆ ತಾವಿದ್ದೀರಾ, ಚುಕ್ಕೆ ಸ್ವಾಮಿ?"